ಬಿದಿರೆಲೆ ಚಹಾ ಕುಡಿದರೆ ಶುಗರ್ ಇಳಿಯುತ್ತದೆಯೇ?

ಪ್ರಶ್ನೆ: ಮೇಡಂ, ನಮ್ಮ ಮನೆಯ ಹಿಂದೆ ದೊಡ್ಡ ಬಿದಿರು ಮೆಳೆ ಇದೆ. ಮಳೆಗಾಲದಲ್ಲಿ ಕಳಲೆ ಪಲ್ಯ, ಉಪ್ಪಿನಕಾಯಿ ಮಾಡುತ್ತೇವೆ. ಎಲೆಯನ್ನು ಮಾತ್ರ ಯಾವತ್ತೂ ಬಳಸಿಲ್ಲ. ಈಗ ಪೇಟೆಯಲ್ಲಿ ಬಿದಿರೆಲೆ ಚಹಾದ ಪೊಟ್ಟಣ ಬಂದಿದೆ. ಶುಗರ್ ಇಳಿಯುತ್ತದೆ, ಕೂದಲು ಬೆಳೆಯುತ್ತದೆ ಎಂದು ಅದರ ಮೇಲೆ ಬರೆದಿದ್ದಾರೆ. ಅಮ್ಮನಿಗೆ ಶುಗರ್, ಥೈರಾಯ್ಡ್ ಎರಡೂ ಇದೆ. ಮಾತ್ರೆ ಬಿಟ್ಟು ಇದನ್ನೇ ಕುಡಿಯುತ್ತೇನೆ ಅನ್ನುತ್ತಾರೆ. ನಮ್ಮ ಹಿತ್ತಲಿನ ಎಲೆಯನ್ನೇ ಕುದಿಸಿ ಕೊಡಬಹುದಾ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಅಮ್ಮನ ಮಾತ್ರೆ ವಿಷಯ. ದಯವಿಟ್ಟು ಬಿಡಲು ಕೊಡಬೇಡಿ. ಶುಗರ್ ಮಾತ್ರೆಯ ಜಾಗದಲ್ಲಿ ಕೂರುವ ಶಕ್ತಿ ಬಿದಿರೆಲೆಗೆ ಇದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ.

ಹಾಗಂತ ಎಲೆಯಲ್ಲಿ ಏನೂ ಇಲ್ಲ ಅಂತ ಅಲ್ಲ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳು ಬಿದಿರೆಲೆ ಒಣಗಿಸಿ, ಪುಡಿ ಮಾಡಿ, ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ಸಾರ ತೆಗೆಯುತ್ತಿದ್ದರು. ಡಿಪಿಪಿಎಚ್ ಎನ್ನುವ ನೇರಳೆ ದ್ರಾವಣಕ್ಕೆ ಆ ಸಾರ ಸ್ವಲ್ಪ ಬಿಟ್ಟರೆ ಸಾಕು, ನೇರಳೆ ಹೋಗಿ ಹಳದಿ ಆಗುತ್ತದೆ. ಆಂಟಿಆಕ್ಸಿಡೆಂಟ್ ಇದೆ ಅಂತ ಅರ್ಥ. ಮಕ್ಕಳಿಗೆ ಖುಷಿಯೋ ಖುಷಿ. ಆಮೇಲೆ ಚಹಾಪುಡಿ, ಸೀಬೆ ಎಲೆ, ಕರಿಬೇವು ಇವುಗಳ ಸಾರದಲ್ಲೂ ಅದೇ ಪರೀಕ್ಷೆ ಮಾಡಿಸುತ್ತಿದ್ದೆ. ಅವೂ ಹಳದಿ ಮಾಡುತ್ತವೆ! ಟೆಸ್ಟ್ ಟ್ಯೂಬಿನಲ್ಲಿ ಬಣ್ಣ ಹೋಗುವುದು ಬೇರೆ, ಮನುಷ್ಯರ ರಕ್ತದಲ್ಲಿ ಸಕ್ಕರೆ ಇಳಿಯುವುದು ಬೇರೆ. ಪೊಟ್ಟಣದ ಮೇಲೆ ಬರೆಯುವವರು ಈ ಎರಡರ ನಡುವಿನ ದೂರವನ್ನು ಹೇಳುವುದೇ ಇಲ್ಲ.

ಬಿದಿರೆಲೆಯ ನಿಜವಾದ ವಿಶೇಷ ಬೇರೆ ಕಡೆ ಇದೆ. ಅದರಲ್ಲಿ ಓರಿಯೆಂಟಿನ್, ಐಸೊಓರಿಯೆಂಟಿನ್, ವೈಟೆಕ್ಸಿನ್, ಐಸೊವೈಟೆಕ್ಸಿನ್ ಎಂಬ ನಾಲ್ಕು ಫ್ಲೇವನಾಯ್ಡ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ಆಂಟಿಆಕ್ಸಿಡೆಂಟ್‌ಗಳು) ಮುಖ್ಯ. ಇವೆಲ್ಲಕ್ಕೂ ಒಂದೊಂದು ಗ್ಲೂಕೋಸ್ ಅಂಟಿಕೊಂಡಿರುತ್ತದೆ. ಈರುಳ್ಳಿಯ ಫ್ಲೇವನಾಯ್ಡ್‌ಗೂ ಸಕ್ಕರೆ ಅಂಟಿರುತ್ತದೆ, ಆದರೆ ಅಲ್ಲಿ ನಡುವೆ ಆಮ್ಲಜನಕದ ಕೊಂಡಿ. ಆಮ್ಲ ಹಾಕಿ ಕುದಿಸಿದರೆ ಆ ಕೊಂಡಿ ಬಿಡುತ್ತದೆ. ಬಿದಿರೆಲೆಯಲ್ಲಿ ಇಂಗಾಲಕ್ಕೆ ಇಂಗಾಲವೇ ನೇರವಾಗಿ ಸೇರಿದೆ. ಅದು ಸುಲಭಕ್ಕೆ ಬಿಡುವುದಿಲ್ಲ. ನನಗೆ ಇದು ಬಹಳ ಇಷ್ಟವಾದ ರಚನೆ. ಆದರೆ ಈ ಗಟ್ಟಿತನವೇ ಔಷಧಿಯಾಗಿ ನೋಡಿದರೆ ತೊಡಕು. ಸಣ್ಣ ಕರುಳು ಇವನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಬಹುಪಾಲು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ.

ಆಹಾರಕ್ಕೆ ಮಾತ್ರ ಅದೇ ಗಟ್ಟಿತನ ಅನುಕೂಲ. ಆಲೂಗಡ್ಡೆ ಕರಿಯುವಾಗ ಅದರಲ್ಲಿರುವ ಆಸ್ಪರಾಜಿನ್ ಎಂಬ ಅಮೈನೊ ಆಮ್ಲ ಮತ್ತು ಸಕ್ಕರೆ ಸೇರಿ ಅಕ್ರಿಲಮೈಡ್ ಎಂಬ ಕೆಟ್ಟ ವಸ್ತು ಹುಟ್ಟುತ್ತದೆ. ಕರಿದ ತಿಂಡಿಗಳಲ್ಲಿ ಇದು ಇದೆ ಎಂದು ಸ್ವೀಡನ್‌ನವರು 2002ರಲ್ಲಿ ತಿಳಿಸಿದಾಗ ಜಗತ್ತೇ ಬೆಚ್ಚಿತ್ತು. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಬಿದಿರೆಲೆಯ ಸಾರ ಬಳಸಿ ಆಲೂ ಚಿಪ್ಸ್ ಕರಿದು ನೋಡಿದರು. ಅಕ್ರಿಲಮೈಡ್ ಸುಮಾರು ಮುಕ್ಕಾಲು ಪಾಲು ಕಡಿಮೆಯಾಯಿತು ಎಂದು 2007ರಲ್ಲಿ ಪ್ರಕಟಿಸಿದರು. ಚೀನಾದಲ್ಲಿ ಈ ಸಾರವನ್ನು ಆಹಾರಕ್ಕೆ ಸೇರಿಸಲು ಸರ್ಕಾರದ ಒಪ್ಪಿಗೆಯೂ ಇದೆ. ಬಿದಿರೆಲೆಯ ಭವಿಷ್ಯ ಇರುವುದು ಔಷಧಿ ಅಂಗಡಿಗಿಂತ ಜಾಸ್ತಿ ಇಲ್ಲಿಯೇ ಎಂದು ನನ್ನ ನಂಬಿಕೆ. ಜಪಾನಿನಲ್ಲಿ ಸಾಸಾ ಎಂಬ ಕುಳ್ಳ ಬಿದಿರಿನ ಎಲೆಯ ಸಾರ ಔಷಧಿಯಾಗಿಯೇ ಮಾರಾಟವಾಗುತ್ತದೆ ನಿಜ. ಆದರೆ ಅದನ್ನು ಕ್ಷಾರ ಹಾಕಿ ತೆಗೆಯುತ್ತಾರೆ. ನಿಮ್ಮ ಕಷಾಯದಲ್ಲಿ ಬರುವ ವಸ್ತು ಅದಲ್ಲ. ನಮ್ಮ ಹೆಬ್ಬಿದಿರಿನ ಎಲೆಯ ಸಾರ ಉರಿಯೂತವನ್ನೂ ಹೊಟ್ಟೆಯ ಹುಣ್ಣನ್ನೂ ತಗ್ಗಿಸುತ್ತದೆ ಎಂದು 2003ರಲ್ಲಿ ವರದಿ ಬಂದಿತ್ತು. ಅದು ಇಲಿಗಳ ಮೇಲೆ ನಡೆದ ಪ್ರಯೋಗ, ಸಾರ ತೆಗೆದದ್ದು ನೀರಿನಲ್ಲಲ್ಲ, ಮೆಥನಾಲ್ ಎಂಬ ಆಲ್ಕೋಹಾಲಿನಲ್ಲಿ.

ಕೂದಲಿನ ಮಾತು ಬಂದದ್ದು ಸಿಲಿಕಾ ಎಂಬ, ಮರಳಿನಲ್ಲಿರುವಂಥ ಖನಿಜದಿಂದ. ಬಿದಿರೆಲೆ ಸುಟ್ಟರೆ ಉಳಿಯುವ ಬೂದಿಯಲ್ಲಿ ಬಹುಪಾಲು ಅದೇ. ಆದರೆ ಎಲೆಯೊಳಗೆ ಅದು ಗಾಜಿನಂಥ ಕಣಗಳಾಗಿ ಕೂತಿರುತ್ತದೆ, ಚಹಾಕ್ಕೆ ಹೆಚ್ಚೇನೂ ಇಳಿಯುವುದಿಲ್ಲ.

ಇನ್ನು ಥೈರಾಯ್ಡ್. ಕಳಲೆಯನ್ನು ನೀವು ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸುತ್ತೀರಿ, ಅಲ್ವಾ? ಅದರಲ್ಲಿರುವ ಟ್ಯಾಕ್ಸಿಫಿಲಿನ್ ಎಂಬ ವಸ್ತು ಒಡೆದರೆ ಸಯನೈಡ್ ಬರುತ್ತದೆ. ಅದು ಹೋಗಲಿ ಅಂತಲೇ ಹಿರಿಯರು ಈ ಕ್ರಮ ಇಟ್ಟಿದ್ದಾರೆ. ಹೊಟ್ಟೆಗೆ ಹೋದ ಅಲ್ಪ ಸಯನೈಡನ್ನು ದೇಹ ಥಯೋಸಯನೇಟ್ ಮಾಡಿಕೊಳ್ಳುತ್ತದೆ. ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತೆ ಅಡ್ಡ ಬರುತ್ತದೆ. ಚಿಗುರೆಲೆಯಲ್ಲೂ ಇದೇ ವಸ್ತು ಇರಬಹುದು, ಅದಕ್ಕೇ ಅಮ್ಮನಿಗೆ ಚಿಗುರೆಲೆ ಬೇಡವೇ ಬೇಡ. ಕಳಲೆಯೂ ಅಪರೂಪಕ್ಕೆ ಇರಲಿ. ಬಸುರಿಯರೂ ಈ ಕಷಾಯದಿಂದ ದೂರ ಇರಬೇಕು. ಕರು ಹಾಕಿದ ಹಸುವಿಗೆ ಮಾಸು ಬೀಳಲಿ ಎಂದು ಬಿದಿರು ಸೊಪ್ಪು ತಿನ್ನಿಸುವುದನ್ನು ನೀವೂ ನೋಡಿರಬಹುದು. ಮುಟ್ಟು ಬರಿಸಲು ಈ ಎಲೆ ಬಳಸುವ ಪದ್ಧತಿಯೂ ನಮ್ಮಲ್ಲಿದೆ.

ಮನೆಯಲ್ಲಿ ಆರೋಗ್ಯವಾಗಿರುವವರು ರುಚಿಗೆಂದು ಕುಡಿಯುವುದಾದರೆ, ಔಷಧಿ ಹೊಡೆಯದ ಮೆಳೆಯಿಂದ ಬಲಿತ ಎಲೆ ತಂದು, ತೊಳೆದು, ನೆರಳಲ್ಲಿ ಒಣಗಿಸಿ. ಮುಚ್ಚಳ ತೆಗೆದಿಟ್ಟು ಕುದಿಸಿ. ಎಲೆಯ ಸಣ್ಣ ಮುಳ್ಳುಕೂದಲು ಗಂಟಲಿಗೆ ತಾಗದಂತೆ ಬಟ್ಟೆಯಲ್ಲಿ ಸೋಸಿ. ಯಾವಾಗಲಾದರೊಮ್ಮೆ ಒಂದು ಲೋಟ ಸಾಕು.

ಪ್ರಶ್ನೆ: ಆಫೀಸಿನ ಮೇಜಿನ ಮೇಲೆ ನೀರಿನಲ್ಲಿಟ್ಟ ಲಕ್ಕಿ ಬ್ಯಾಂಬೂ ಇದೆ. ಅದರ ಎಲೆಯಲ್ಲೂ ಚಹಾ ಮಾಡಬಹುದಾ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ಅದು ಬಿದಿರೇ ಅಲ್ಲ, ಡ್ರಸೀನಾ ಜಾತಿಯ ಗಿಡ. ಬಿದಿರು ಹುಲ್ಲಿನ ಕುಟುಂಬದ್ದು, ಇದು ಶತಾವರಿಯ ಕುಟುಂಬಕ್ಕೆ ಸೇರಿದ್ದು. ಇದರಲ್ಲಿ ಸಪೋನಿನ್ ಎಂಬ, ಸೋಪಿನಂತೆ ನೊರೆ ಬರಿಸುವ ವಸ್ತುಗಳಿವೆ. ಬೆಕ್ಕು, ನಾಯಿ ಕಚ್ಚಿ ತಿಂದರೆ ವಾಂತಿ ಮಾಡಿಕೊಳ್ಳುತ್ತವೆ. ಮನೆಯಲ್ಲೂ ಇಟ್ಟಿದ್ದರೆ ಚಿಕ್ಕ ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ.