ವಾರ್ಡಿನ ಒಣ ಕಸದ ಕೇಂದ್ರಕ್ಕೆ ಕೊಟ್ಟರೆ ಮನೆಯ ಕಸ ನಿಜವಾಗ್ಲೂ ಕಡಿಮೆ ಆಗುತ್ತಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ ಜೊತೆಗೆ ಒಂದು ಪುಟ್ಟ ಮಗು, ದಿನಾ ಕಸದ ಡಬ್ಬಿ ತುಂಬಿ ತುಳುಕುತ್ತದೆ. ಮನೆ ಹತ್ತಿರ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಇದೆ ಅಂತ ಈಗ ಗೊತ್ತಾಗಿದೆ. ಅಲ್ಲಿಗೆ ಕೊಟ್ಟರೆ ಪ್ರಯೋಜನ ಇದೆಯಾ, ಏನೇನು ತಗೊಳ್ಳುತ್ತಾರೆ, ಅಥವಾ ಅದೂ ಕೊನೆಗೆ ಕಸದ ಗುಂಡಿಗೇ ಹೋಗುತ್ತಾ?

ಪ್ರಯೋಜನ ಖಂಡಿತ ಇದೆ. ನಾನು ಬನಶಂಕರಿ ಕಡೆಯವನು. ಕೆಲವು ವರ್ಷಗಳಿಂದ ನಮ್ಮ ವಾರ್ಡಿನ ಕೇಂದ್ರಕ್ಕೇ ಒಣ ಕಸ ಕೊಡುತ್ತಿದ್ದೇನೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಕೇಂದ್ರ ನಡೆಯುವುದು ವ್ಯಾಪಾರದ ಮೇಲೆ. ಬೆಲೆ ಇರುವ ಕಸ ಮಾರಿ ಬಂದ ದುಡ್ಡಿನಲ್ಲೇ ಅವರು ಬೆಲೆ ಇಲ್ಲದ ಕಸವನ್ನೂ ಸಂಭಾಳಿಸಬೇಕು. ಇದೊಂದು ತಲೆಯಲ್ಲಿದ್ದರೆ ಏನು ಕೊಡಬೇಕು, ಹೇಗೆ ಕೊಡಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಹಸಿ ಕಸದ ಬಗ್ಗೆ ಎರಡೇ ಮಾತು. ನಮ್ಮ ಮನೆಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯದ್ದೇ ಇರುತ್ತದೆ. ತರಕಾರಿ ಸಿಪ್ಪೆ, ಕಾಫಿ ಚರಟ, ಮಿಕ್ಕಿದ ಅನ್ನ, ದೇವರ ಹೂವು. ಒಣ ಕಸದ ಕೇಂದ್ರ ಇದನ್ನು ಮುಟ್ಟುವುದಿಲ್ಲ. ಬಾಲ್ಕನಿ ಇದ್ದರೆ ಮಣ್ಣಿನ ಮಡಕೆಯಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಗೊಬ್ಬರ ಮಾಡಿ. ಎಚ್ಎಸ್ಆರ್ ಲೇಔಟಿನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತ ಇದೆ, ಅಲ್ಲಿ ಬೇರೆ ಬೇರೆ ವಿಧಾನ ಕಣ್ಣಾರೆ ನೋಡಬಹುದು. ಜಾಗ ಇಲ್ಲ, ಪುರಸೊತ್ತಿಲ್ಲ ಅಂದರೆ ಬೆಳಗ್ಗೆ ಬರುವ ಆಟೋ ಟಿಪ್ಪರಿಗೆ ಕೊಡಿ. ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡಬೇಡಿ, ಡಬ್ಬಿಯಿಂದ ಹಾಗೇ ಸುರಿಯಿರಿ.

ಈಗ ಕೇಂದ್ರದ ವಿಷಯ. ಇವು ಸುಮ್ನೆ ಹುಟ್ಟಿದ್ದಲ್ಲ. ಊರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ 2012ರಲ್ಲಿ ಜನರ ವಿರೋಧಕ್ಕೆ ಬಂದ್ ಆಯಿತು. ಆಗ ಬೀದಿ ಬೀದಿಯಲ್ಲಿ ಬಿದ್ದಿದ್ದ ರಾಶಿ ನೆನಪಿರುವವರು ಈಗಲೂ ಇದ್ದಾರೆ. ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿನವರೂ ಸಾಕಾಗಿ ರಸ್ತೆಗೆ ಇಳಿದರು, 2014ರ ಕೊನೆಗೆ ಅದೂ ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಡೈಪರ್, ಪ್ಯಾಡ್ ತರದ್ದು, ಚೀಲಕ್ಕೆ ಒಣ ಕಸ. ಆ ಚೀಲ ಹೋಗಿ ಸೇರಬೇಕಾದ ಜಾಗವೇ ಈ ಕೇಂದ್ರ. ಎಷ್ಟೋ ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಹಸಿರು ದಳದಂಥ ಸಂಸ್ಥೆಗಳು ಅವರ ಜೊತೆ ನಿಂತವು.

ನಮ್ಮ ಕೇಂದ್ರ ಅಂದರೆ ತಗಡಿನ ಶೆಡ್ಡು, ಒಂದು ತೂಕದ ಯಂತ್ರ, ಗೋಡೆ ಉದ್ದಕ್ಕೂ ಗೋಣಿ ಮೂಟೆಗಳು. ಅಲ್ಲಿ ಒಬ್ಬ ಅಕ್ಕ ಇದ್ದಾರೆ. ಚೀಲ ಸುರಿದ ಕೂಡಲೇ ಅವರ ಕೈ ಓಡುತ್ತದೆ. ಕವರ್ ಒಂದನ್ನು ಮುಷ್ಟಿಯಲ್ಲಿ ಹಿಸುಕಿ ಬಿಡುತ್ತಾರೆ. ಸದ್ದಿಲ್ಲದೆ ಮೆತ್ತಗೆ ಮಡಚಿಕೊಂಡರೆ ಹಾಲಿನ ಕವರಿನ ಮೂಟೆಗೆ. ಚರಚರ ಅಂದರೆ ಬೇರೆ ಮೂಟೆಗೆ. ಒಳಗಡೆ ಬೆಳ್ಳಿ ಬಣ್ಣ ಹೊಳೆದರೆ ಇನ್ನೊಂದಕ್ಕೆ. ಅವರು ನನ್ನ ಜೊತೆ ಮಾತಾಡುತ್ತಲೇ ಇರುತ್ತಾರೆ, ಕೈ ಒಂದು ಸಲವೂ ತಪ್ಪುವುದಿಲ್ಲ. ಕಷ್ಟ ಯಾವುದು ಅಕ್ಕಾ ಅಂತ ಕೇಳಿದರೆ, "ಪ್ಲಾಸ್ಟಿಕ್ ಏನೂ ಕಷ್ಟ ಇಲ್ಲ ಸಾರ್, ಅದರೊಳಗಿನ ಸಾಂಬಾರೇ ಕಷ್ಟ" ಅಂದರು.

ಅವರು ಹೇಳಿದ್ದರಲ್ಲೇ ಎಲ್ಲಾ ಇದೆ. ಒಣ ಕಸ ಒಣಗಿರಬೇಕು. ಹೋಟೆಲ್ ಪಾರ್ಸಲ್ಲಿನ ಒಂದು ಡಬ್ಬಿಯಲ್ಲಿ ಸಾರು ಉಳಿದಿದ್ದರೆ ಅದೇ ಚೀಲದಲ್ಲಿರುವ ಪೇಪರ್, ರಟ್ಟು ಎಲ್ಲ ನೆನೆದು ಹಾಳು. ಒದ್ದೆ ರಟ್ಟಿಗೆ ವ್ಯಾಪಾರಿ ಬೆಲೆ ಕಡಿಮೆ ಮಾಡುತ್ತಾನೆ, ಎಣ್ಣೆ ಹಿಡಿದ ಪೇಪರನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಪಿಜ್ಜಾ ಡಬ್ಬಿಯ ಮೇಲ್ಭಾಗ ಮಾತ್ರ ಹರಿದು ಚೀಲಕ್ಕೆ ಹಾಕಿ. ಎಣ್ಣೆ, ಚೀಸ್ ಅಂಟಿದ ತಳಭಾಗ ಅಲ್ಲಿಗೆ ಬೇಡ.

ನಂದಿನಿ ಹಾಲಿನ ಕವರನ್ನೇ ತಗೊಳ್ಳಿ, ದಿನಾ ಬರುವಂಥದ್ದು. ಮೂಲೆ ಕತ್ತರಿಸುವಾಗ ಆ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಒಂದು ಕಡೆ ಅಂಟಿಕೊಂಡೇ ಇರಲಿ. ಉಗುರಿನಷ್ಟು ದೊಡ್ಡದಿರುವ ಆ ತ್ರಿಕೋನ ಬೇರೆಯಾಗಿ ಬಿದ್ದರೆ ಯಾರ ಕೈಗೂ ಸಿಗುವುದಿಲ್ಲ. ಗುಡಿಸುವಾಗ ಮಣ್ಣಿನ ಜೊತೆ ಹೋಗಿ ಚರಂಡಿ ಸೇರುತ್ತದೆ. ಖಾಲಿ ಕವರಿಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರು ಗಿಡಕ್ಕೆ ಚೆಲ್ಲಿ. ಕವರನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿ, ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತದೆ. ತೊಳೆಯದೆ ಎರಡು ದಿನ ಬಿಟ್ಟರೆ ಏನಾಗುತ್ತದೆ ಅಂತ ಮೂಗೇ ಹೇಳುತ್ತದೆ.

ಇದಕ್ಕೆಲ್ಲ ನೀರು ದಂಡ ಅಲ್ವಾ ಅಂತ ನಮ್ಮ ಮನೆಯಲ್ಲೂ ಚರ್ಚೆ ಆಗಿದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಒದ್ದಾಡಿದ ಊರು ನಮ್ಮದು, ಪ್ರಶ್ನೆ ಸರಿಯೇ. ಸೋಪು ಹಾಕಿ ಉಜ್ಜಿ ಹೊಳಪು ಬರಿಸಬೇಕಾಗಿಲ್ಲ. ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು. ಎಣ್ಣೆ ಕವರನ್ನಂತೂ ತೊಳೆಯುವ ಗೋಜಿಗೇ ಹೋಗಬೇಡಿ. ಎಣ್ಣೆ ಡಬ್ಬಿ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಪೂರ್ತಿ ಸೋರಿಸಿ, ಹಳೆ ಪೇಪರಿನಲ್ಲಿ ಒರೆಸಿ ಹಾಕಿ.

ಏನೇನು ತಗೊಳ್ಳುತ್ತಾರೆ ಅಂದರೆ, ನ್ಯೂಸ್ ಪೇಪರ್, ರಟ್ಟಿನ ಡಬ್ಬಿ, ನೀರು ಮತ್ತು ಜ್ಯೂಸಿನ ಬಾಟ್ಲಿ, ಶಾಂಪೂ ಡಬ್ಬಿ, ಒಡೆದ ಬಕೆಟ್ಟು, ಗಾಜಿನ ಸೀಸೆ, ತಗಡು, ಅಲ್ಯೂಮಿನಿಯಂ ಕ್ಯಾನು ಎಲ್ಲದಕ್ಕೂ ಸ್ವಾಗತ. ಬಾಟ್ಲಿಯನ್ನು ತುಳಿದು ಚಪ್ಪಟೆ ಮಾಡಿದರೆ ಚೀಲದಲ್ಲಿ ಜಾಗ ಉಳಿಯುತ್ತದೆ. ಮುಚ್ಚಳ ಎಸೆಯಬೇಡಿ, ಅದಕ್ಕೂ ಗಿರಾಕಿ ಇದೆ. ಬಾಟ್ಲಿ ಒಂದು ಜಾತಿಯ ಪ್ಲಾಸ್ಟಿಕ್, ಮುಚ್ಚಳ ಇನ್ನೊಂದು ಜಾತಿ. ಪುಡಿ ಮಾಡಿ ನೀರಿಗೆ ಹಾಕಿದರೆ ಬಾಟ್ಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಕಾರ್ಖಾನೆಯವರು ಬೇರೆ ಮಾಡುವುದೇ ಹಾಗೆ. ಬಾಟ್ಲಿ ಕೊನೆಗೆ ಪಾಲಿಯೆಸ್ಟರ್ ನೂಲಾಗುತ್ತದೆ. ನಮ್ಮೂರಿನ ಪ್ಲಾಸ್ಟಿಕ್ ಬಹಳಷ್ಟು ನಾಯಂಡಹಳ್ಳಿ ಕಡೆಯ ಸಣ್ಣ ಸಣ್ಣ ಘಟಕಗಳಿಗೆ ಹೋಗುತ್ತದೆ, ಪೇಪರ್ ಮತ್ತು ಇತರ ಗುಜರಿಗೆ ಜಾಲಿ ಮೊಹಲ್ಲಾ ಹಳೇ ಮಾರುಕಟ್ಟೆ.

ಟೆಟ್ರಾ ಪ್ಯಾಕನ್ನು ಜನ ಕಾಗದ ಅಂದುಕೊಳ್ಳುತ್ತಾರೆ. ಅದರಲ್ಲಿ ಮುಕ್ಕಾಲು ಭಾಗ ಕಾಗದವೇ, ಮಿಕ್ಕದ್ದು ಪ್ಲಾಸ್ಟಿಕ್ ಮತ್ತು ಒಂದಿಷ್ಟು ಅಲ್ಯೂಮಿನಿಯಂ. ಕಾಗದವನ್ನು ನೀರಿನಲ್ಲಿ ಕಡೆದು ತೆಗೆಯುತ್ತಾರೆ, ಉಳಿದದ್ದನ್ನು ಒತ್ತಿ ಹಲಗೆ ಮಾಡುತ್ತಾರೆ. ಆದ್ದರಿಂದ ಅದಕ್ಕೂ ದಾರಿ ಇದೆ, ನಾಲ್ಕೂ ಮೂಲೆ ಬಿಡಿಸಿ ಚಪ್ಪಟೆ ಮಾಡಿ ಕೊಡಿ.

ದಾರಿ ಇಲ್ಲದ್ದು ಚಿಪ್ಸ್, ಬಿಸ್ಕತ್, ಮ್ಯಾಗಿ, ಸಾಂಬಾರ್ ಪುಡಿ ಪ್ಯಾಕೆಟ್ಟಿನಂಥದ್ದು. ಒಂದರ ಮೇಲೊಂದು ಪದರ ಬೆಸೆದಿರುವುದರಿಂದ ಬಿಡಿಸಲು ಆಗುವುದಿಲ್ಲ. ಕೇಂದ್ರದವರು ತಗೊಳ್ಳುತ್ತಾರೆ, ಆದರೆ ಅದನ್ನು ದುಡ್ಡು ಕೊಟ್ಟು ಕೊಳ್ಳುವವರು ಇಲ್ಲವೇ ಇಲ್ಲ ಅನ್ನಬಹುದು. ಒತ್ತಿ ಮೂಟೆ ಕಟ್ಟಿ ಸಿಮೆಂಟ್ ಕಾರ್ಖಾನೆಗೆ ಕಳಿಸುತ್ತಾರೆ, ಅಲ್ಲಿ ಕಲ್ಲಿದ್ದಲಿನ ಜೊತೆ ಉರಿಸುತ್ತಾರೆ. ಇದನ್ನು ಮರುಬಳಕೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಗುಂಡಿಗೆ ಹೋಗುವುದಕ್ಕಿಂತ ವಾಸಿ, ಅಷ್ಟೇ. ಇಂಥ ಪ್ಯಾಕಿಂಗಿಗೆ ತಯಾರಕ ಕಂಪನಿಗಳೇ ಹೊಣೆ ಅಂತ 2016ರ ಪ್ಲಾಸ್ಟಿಕ್ ನಿಯಮ ಹೇಳುತ್ತದೆ. ಆ ಹೊಣೆಯ ಎಷ್ಟು ಪಾಲು ತಗಡಿನ ಶೆಡ್ಡಿನವರೆಗೆ ಬಂದು ಮುಟ್ಟುತ್ತದೆ ಅನ್ನುವುದು ಬೇರೆ ಮಾತು.

ಇಲ್ಲೇ ಬರುವುದು ನನ್ನ ಮುಖ್ಯ ಮಾತು. ನಮ್ಮಲ್ಲಿ ಸುಮಾರು ಮನೆಗಳವರು ಏನು ಮಾಡುತ್ತಾರೆ? ಪೇಪರ್, ರಟ್ಟು, ಹಾಲಿನ ಕವರ್, ಬಿಯರ್ ಬಾಟ್ಲಿ ಎಲ್ಲ ಗುಜರಿ ಅಂಗಡಿಗೆ ಹಾಕಿ ದುಡ್ಡು ಎಣಿಸಿಕೊಳ್ಳುತ್ತಾರೆ. ಚಿಪ್ಸ್ ಕವರ್, ಥರ್ಮೋಕೋಲ್, ಹಳೆ ಚಪ್ಪಲಿ, ಹರಿದ ಬ್ಯಾಗು ಮಾತ್ರ ಚೀಲಕ್ಕೆ ತುಂಬಿ, "ನಾವು ಕಸ ಬೇರೆ ಮಾಡಿ ಕೇಂದ್ರಕ್ಕೆ ಕೊಡ್ತೀವಿ" ಅನ್ನುತ್ತಾರೆ. ಕೆನೆ ನಮಗೆ, ನೀರು ಮಜ್ಜಿಗೆ ಅವರಿಗೆ. ಹೀಗಾದರೆ ಅವರು ಕೂಲಿ ಎಲ್ಲಿಂದ ಕೊಡಬೇಕು, ಸಾಗಿಸುವ ಗಾಡಿಗೆ ಡೀಸೆಲ್ ಎಲ್ಲಿಂದ ಹಾಕಬೇಕು? ಬೆಲೆ ಇಲ್ಲದ್ದನ್ನೇ ಸುರಿಯುತ್ತಾ ಹೋದರೆ ಒಂದು ದಿನ ಕೇಂದ್ರದ ಬಾಗಿಲು ಹಾಕುತ್ತದೆ, ನಾವು ಮತ್ತೆ ಊರಿನ ಕಸ ಸುರಿಯುವ ಮಿಟ್ಟಗಾನಹಳ್ಳಿ ಕ್ವಾರಿಯ ಹೆಸರು ಜಪಿಸುತ್ತಾ ಕೂರಬೇಕಾಗುತ್ತದೆ.

ಗುಜರಿಯವರ ಹೊಟ್ಟೆ ಮೇಲೆ ಹೊಡೆಯಿರಿ ಅಂತ ನಾನು ಹೇಳುತ್ತಿಲ್ಲ. ಅವರೂ ಅದೇ ಕೆಲಸ ಮಾಡುವವರು, ಪಾಲಿಕೆಗೆ ಯೋಚನೆ ಬರುವ ಮೊದಲಿನಿಂದಲೂ. ನಮ್ಮ ಮನೆಯಲ್ಲಿ ನ್ಯೂಸ್ ಪೇಪರ್ ಮತ್ತು ಹಳೆ ಪುಸ್ತಕ ತಳ್ಳುಗಾಡಿ ಅಣ್ಣನಿಗೆ. ಹಾಲಿನ ಕವರ್, ಆನ್‌ಲೈನ್ ಆರ್ಡರಿನ ರಟ್ಟಿನ ಡಬ್ಬಿ, ಬಾಟ್ಲಿಗಳು ಕೇಂದ್ರಕ್ಕೆ, ಚಿಪ್ಸ್ ಕವರಿನ ಜೊತೆಗೇ. ಹೋಗುವ ದುಡ್ಡು ತಿಂಗಳಿಗೆ ಎರಡು ಕಾಫಿಯಷ್ಟು. ಇಷ್ಟು ಮಾಡಿದ ಮೇಲೆ ಅಲ್ಲಿನವರ ಹತ್ತಿರ ಥರ್ಮೋಕೋಲ್ ತಗೊಳ್ಳಿ ಅಂತ ಕೇಳುವುದಕ್ಕೂ ಮುಖ ಇರುತ್ತದೆ.

ಇನ್ನು ಮನೆಯ ಕಸ ಕಡಿಮೆ ಆಗುತ್ತಾ ಅಂದಿರಲ್ಲ, ಅದು ಕೊಡುವುದರಿಂದ ಆಗುವುದಿಲ್ಲ, ನೋಡುವುದರಿಂದ ಆಗುತ್ತದೆ. ವಾರದ ಒಣ ಕಸ ಒಂದೇ ಚೀಲದಲ್ಲಿ ಕೂಡಿಟ್ಟಾಗ ಯಾವುದು ಜಾಸ್ತಿ ಅಂತ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಪಾರ್ಸಲ್ ಡಬ್ಬಿಗಳು. ಅದರಲ್ಲೂ ಕಪ್ಪು ಡಬ್ಬಿ. ಕಪ್ಪು ಪ್ಲಾಸ್ಟಿಕ್ಕನ್ನು ಕರಗಿಸಿ ಬೇರೆ ಬಣ್ಣ ಮಾಡಲು ಆಗುವುದಿಲ್ಲ, ಅದಕ್ಕೇ ಬೆಲೆ ಕಡಿಮೆ. ಈಗ ಹತ್ತಿರದ ದರ್ಶಿನಿಗೆ ಸ್ಟೀಲ್ ಡಬ್ಬಿ, ಸಾಗುವಿಗೆ ಹಿಡಿ ಇರುವ ಮುಚ್ಚಳದ ಪಾತ್ರೆ ತಗೊಂಡು ಹೋಗುತ್ತೇನೆ. ಕೌಂಟರಿನವರು ಮೊದಮೊದಲು ವಿಚಿತ್ರವಾಗಿ ನೋಡಿದರು, ಈಗ ಚಟ್ನಿ ಒಂದು ಸೌಟು ಜಾಸ್ತಿಯೇ ಹಾಕುತ್ತಾರೆ. ಅಕ್ಕಿ, ಬೇಳೆ ಬಿಡಿಯಾಗಿ ಕೊಡುವ ದಿನಸಿ ಅಂಗಡಿ ನಮ್ಮ ಬೀದಿಯಲ್ಲಿ ಇನ್ನೂ ಉಳಿದಿದೆ, ಅದೊಂದು ಪುಣ್ಯ. ಅಂದ ಹಾಗೆ, ಬಟ್ಟೆ ಚೀಲದಂತೆ ಕಾಣುವ ತೆಳು ಬಣ್ಣದ ಚೀಲ ಕೊಡುತ್ತಾರಲ್ಲ, ಸೀರೆ ಅಂಗಡಿಯಲ್ಲಿ, ಮದುವೆ ಮನೆಯ ತಾಂಬೂಲದಲ್ಲಿ, ಅದು ಬಟ್ಟೆ ಅಲ್ಲ, ಪ್ಲಾಸ್ಟಿಕ್ಕೇ.

ಎಲ್ಲಾ ಒಂದೇ ಲಾರಿಗೆ ಸುರಿಯುತ್ತಾರೆ, ನಾವು ಬೇರೆ ಮಾಡಿ ಏನು ಉಪಯೋಗ ಅನ್ನುವ ಮಾತೂ ಕೇಳಿಬರುತ್ತದೆ. ಸುಳ್ಳಲ್ಲ, ಕೆಲವು ಕಡೆ ಹಾಗೆ ಆಗುವುದನ್ನು ನಾನೂ ನೋಡಿದ್ದೇನೆ. ಕೇಂದ್ರಕ್ಕೆ ನೀವೇ ಒಯ್ದು ಕೊಡುವುದರ ದೊಡ್ಡ ಲಾಭ ಇದೇ, ಮಧ್ಯದಲ್ಲಿ ಬೆರೆಯುವ ಪ್ರಶ್ನೆಯೇ ಇಲ್ಲ. ಬಹಳ ಕಡೆ ವಾರದಲ್ಲಿ ಗೊತ್ತಾದ ದಿನ ಒಣ ಕಸಕ್ಕೆ ಅಂತಲೇ ಗಾಡಿ ಬರುತ್ತದೆ. ಆ ದಿನ ಯಾವುದು, ಕೇಂದ್ರ ಎಷ್ಟು ಹೊತ್ತಿಗೆ ತೆಗೆದಿರುತ್ತದೆ ಅಂತ ನಿಮ್ಮ ಬೀದಿಯ ಪೌರಕಾರ್ಮಿಕರನ್ನೇ ಕೇಳಿ. ಆನ್‌ಲೈನ್ ಮ್ಯಾಪಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಳೆ ಚಾರ್ಜರ್, ಸೆಲ್ಲು, ಮೊಬೈಲ್ ಬ್ಯಾಟರಿ, ಟ್ಯೂಬ್‌ಲೈಟ್ ಚೀಲದಲ್ಲಿ ಬೆರೆಸಬೇಡಿ. ಮೊಬೈಲ್ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತುತ್ತದೆ, ಶೆಡ್ಡಿನ ತುಂಬ ರಟ್ಟು ಇರುತ್ತದೆ. ಬೇರೆ ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ಅಂತ ಹೇಳಿ ಕೈಗೆ ಕೊಡಿ. ಒಡೆದ ಗಾಜು, ಬ್ಲೇಡು ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ಬರೆದಿಡಿ.

ಮಗು ಇದೆ ಅಂದಿರಿ. ಹಾಗಾದರೆ ನಿಮ್ಮ ಡಬ್ಬಿ ತುಂಬುವುದರಲ್ಲಿ ಡೈಪರಿನ ಪಾಲು ದೊಡ್ಡದೇ ಇರಬೇಕು. ಅದನ್ನು ಯಾವ ಕೇಂದ್ರವೂ ತಗೊಳ್ಳುವುದಿಲ್ಲ. ಹಗಲು ಮನೆಯಲ್ಲಿರುವಾಗ ಹಳೆ ಪಂಚೆಯ ಲಂಗೋಟಿ ಅಥವಾ ತೊಳೆದು ಬಳಸುವ ಬಟ್ಟೆ ಡೈಪರ್, ರಾತ್ರಿಗೆ ಮತ್ತು ಪ್ರಯಾಣಕ್ಕೆ ಮಾತ್ರ ಅಂಗಡಿಯದ್ದು ಅಂತ ಮಾಡಿಕೊಂಡವರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಬಳಸಿದ್ದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಕೆಂಪು ಡಬ್ಬಿಯಲ್ಲಿಡಿ. ನಮ್ಮ ಬೀದಿಯಲ್ಲಿ ಅದನ್ನು ಹಸಿ ಕಸದ ಗಾಡಿಯವರೇ ಬೇರೆಯಾಗಿ ತಗೊಂಡು ಹೋಗುತ್ತಾರೆ. ನಿಮ್ಮ ಕಡೆ ಹೇಗೆ ಅಂತ ಮೊದಲು ಕೇಳಿಕೊಳ್ಳಿ.