ಮಳೆಗೂ ಡೆಂಗ್ಯೂಗೂ ನಂಟಿಲ್ವಾ?

ಪೆರ್ಲದ ನಿವೃತ್ತ ಗಣಿತ ಮಾಸ್ಟ್ರೊಬ್ಬರು ಬರೆದಿದ್ದಾರೆ: "ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರದ ಮಳೆಯನ್ನು ಪತ್ರಿಕೆಯಲ್ಲಿ ಬಂದ ಜಿಲ್ಲೆಯ ಡೆಂಗ್ಯೂ ಸಂಖ್ಯೆಯ ಜೊತೆ ಹೋಲಿಸಿದೆ. ಸಹಸಂಬಂಧ, ಅಂದರೆ ಎರಡು ಸಾಲು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ, ಸೊನ್ನೆಯ ಹತ್ತಿರ ಬಂತು. ಮಳೆಯಿಂದ ಡೆಂಗ್ಯೂ ಅನ್ನುವುದು ಸುಮ್ನೆ ಮಾತಲ್ವಾ? ಅಲ್ಲದೆ ಕಡೆಯ ಎರಡು ವಾರ ಸಂಖ್ಯೆ ಇಳಿದಿದೆ. ಇನ್ನು ಹೆದರಿಕೆ ಯಾಕೆ?"

ಮಾಸ್ಟ್ರೇ, ನಿಮ್ಮ ಗುಣಾಕಾರ, ಭಾಗಾಕಾರಗಳ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಈ ವಾರದ ಮಳೆಯನ್ನು ಇದೇ ವಾರದ ಜ್ವರದ ಎದುರು ಇಟ್ಟಿದ್ದೀರಿ. ಸೊಳ್ಳೆಗೆ ಅಷ್ಟು ಅವಸರ ಇಲ್ಲ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲೋ ರಬ್ಬರ್ ಮರದ ಗೆರಟೆಯಲ್ಲೋ ನೀರು ನಿಂತಿತು ಅನ್ನಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳೆಂಟು ದಿನ, ಕೆಲವೊಮ್ಮೆ ಹತ್ತು ಬೇಕು. ಅದು ರೋಗಿಯನ್ನು ಕಚ್ಚಿದ ಮೇಲೆ ವೈರಸ್ ಅದರ ಎಂಜಲಿಗೆ ಬರಲು 8ರಿಂದ 12 ದಿನ. ಆಮೇಲೆ ಅದು ಕಚ್ಚಿದವರಿಗೆ ಜ್ವರ ಬರಲು 4ರಿಂದ 10 ದಿನ. ನಮ್ಮವರು ಎರಡು ದಿನ ಕಷಾಯ ಕುಡಿದು ನೋಡಿಯೇ ಆಸ್ಪತ್ರೆಗೆ ಹೋಗುವುದು. ಒಟ್ಟು ಮೂರರಿಂದ ಐದು ವಾರ ಆಯಿತಲ್ಲ? ಹಾಗಾಗಿ ಜ್ವರದ ಸಾಲನ್ನು ಅಷ್ಟು ವಾರ ಹಿಂದಕ್ಕೆ ಸರಿಸಿ ಹೋಲಿಸಿ. ಇನ್ನೊಂದು ಮಾತು. ಧೋ ಎಂದು ಸುರಿದರೆ ಹಾಳೆಯಲ್ಲಿದ್ದ ಮರಿಗಳೆಲ್ಲ ಕೊಚ್ಚಿಹೋಗುತ್ತವೆ. ಸೊಳ್ಳೆಗೆ ಹಿತ ಬಿಟ್ಟುಬಿಟ್ಟು ಬರುವ ಮಳೆಯೇ. ನೇರ ಗೆರೆ ಹುಡುಕುವ ನಿಮ್ಮ ಸೂತ್ರಕ್ಕೆ ಇದು ಕಾಣಿಸುವುದಿಲ್ಲ.

ಸಾಲು ಸರಿಸಿದಾಗ ದೊಡ್ಡ ಸಂಖ್ಯೆ ಬಂದರೆ ಹಿಗ್ಗಬೇಡಿ. ಮಳೆಗಾಲದ ಜೊತೆ ಏರಿ ಇಳಿಯುವುದೆಲ್ಲ, ಕೊಡೆ ವ್ಯಾಪಾರ ಸಹ, ಡೆಂಗ್ಯೂ ಜೊತೆ ಹೊಂದಿಕೊಳ್ಳುತ್ತದೆ. ಗೂಗಲ್‌ನವರೇ ಇದರಲ್ಲಿ ಎಡವಿದ್ದರು. ಜನ ಹುಡುಕುವ ಪದಗಳಿಂದ ಅಮೆರಿಕದ ಫ್ಲೂ ಅಂದಾಜಿಸಲು 2008ರಲ್ಲಿ ಹೊರಟರು. ಶಾಲಾ ಬಾಸ್ಕೆಟ್‌ಬಾಲ್‌ನ ಹುಡುಕಾಟವೂ ಫ್ಲೂ ಜೊತೆ ಚೆನ್ನಾಗಿ ಕೂಡಿಬಂತು. ಎರಡೂ ಚಳಿಗಾಲದವು, ಅಷ್ಟೆ! ಅಂಥ ಪದಗಳನ್ನು ಕೈಯಾರೆ ತೆಗೆದರು. ಆದರೂ 2009ರಲ್ಲಿ ಹಂದಿಜ್ವರ ಅಕಾಲದಲ್ಲಿ ಬಂದಾಗ ಅದರ ಮೊದಲ ಅಲೆ ಅವರ ಅಂದಾಜಿಗೆ ಸರಿಯಾಗಿ ಸಿಗಲಿಲ್ಲ. 2013ರ ಹೊತ್ತಿಗೆ ಅವರು ಹೇಳುತ್ತಿದ್ದದ್ದು ಸರಕಾರಿ ಲೆಕ್ಕದ ಎರಡು ಪಟ್ಟಿಗಿಂತ ಜಾಸ್ತಿ.

ಆದ್ದರಿಂದ ಬಲ್ಲವರು ಕಾಲದ ಏರಿಳಿತವನ್ನು ಮೊದಲು ಕಳೆಯುತ್ತಾರೆ. ಈ ವಾರ ವಾಡಿಕೆಗಿಂತ ಮಳೆ ಜಾಸ್ತಿ ಬಂದರೆ, ಮೂರರಿಂದ ಐದು ವಾರದ ನಂತರ ಜ್ವರವೂ ವಾಡಿಕೆಗಿಂತ ಜಾಸ್ತಿಯೇ? ಕೇಳಬೇಕಾದ್ದು ಇದನ್ನು. ವಾಡಿಕೆ ಗೊತ್ತಾಗಲು ಹಲವು ವರ್ಷದ ಅಂಕಿ ಬೇಕು. ನಿಮ್ಮ ಒಂದು ಮಳೆಗಾಲದ ಪುಸ್ತಕ ಸಾಲದು. ಅದರಲ್ಲೂ ಹದಿನೇಳು ವಾರ ಅಂದರೆ ಹದಿನೇಳು ಬೇರೆ ಬೇರೆ ಸಾಕ್ಷಿಗಳಲ್ಲ. ಈ ವಾರದ ರೋಗಿಯಿಂದಲೇ ತಾನೆ ಮುಂದಿನ ರೋಗಿ?

ಕಡೆಯ ಎರಡು ವಾರದ ಇಳಿಕೆಯನ್ನಂತೂ ಈಗಲೇ ನಂಬಬೇಡಿ. ಪರೀಕ್ಷೆಯ ಫಲ ತಡವಾಗಿ ಬರುತ್ತದೆ, ಆ ರೋಗಿಗಳು ಹಿಂದಿನ ವಾರಗಳ ಲೆಕ್ಕಕ್ಕೆ ಆಮೇಲೆ ಸೇರುತ್ತಾರೆ. ಜ್ವರ ಶುರುವಾದ ದಿನಕ್ಕೆ ಲೆಕ್ಕ ಹಾಕುವಲ್ಲೆಲ್ಲ ಪಟ್ಟಿಯ ತುದಿ ಹೆಚ್ಚಾಗಿ ಹೀಗೆ ಬಾಗಿಯೇ ಕಾಣುತ್ತದೆ. ಮೂರು ವಾರ ಬಿಟ್ಟು ಅದೇ ಎರಡು ವಾರಗಳ ಅಂಕಿಯನ್ನು ಮತ್ತೆ ನೋಡಿ, ಎಷ್ಟು ಬದಲಾಯಿತೆಂದು ನಮಗೂ ಬರೆಯಿರಿ. ಅಷ್ಟರವರೆಗೆ ತೋಟದ ಹಾಳೆಗಳನ್ನು ಹೆಕ್ಕುವುದು ನಿಲ್ಲಿಸಬೇಡಿ.

— ಸಂಪಾದಕ