ಐಟಿಐ ಸೇರೋ ಮುಂಚೆ ಅಲ್ಲಿನ ವೈಸ್ ನೋಡಿ ಬಾ

"ಎಸ್ಸೆಸ್ಸೆಲ್ಸಿಯಲ್ಲಿ 54 ಪರ್ಸೆಂಟ್ ಬಂದಿದೆ, ಮನೆಯಲ್ಲಿ ಪಿಯುಸಿ ಅಂತಾರೆ, ನನಗೆ ಫಿಟ್ಟರ್ ಆಗೋ ಆಸೆ. ಐಟಿಐಗೆ ಬೆಲೆ ಇದೆಯಾ?" ಅಂತ ಕೇಳಿದ್ದೀಯ. ನನ್ನ ಮಗನ ವಯಸ್ಸಿನವನು, ಏಕವಚನಕ್ಕೆ ಬೇಜಾರಾಗಬೇಡಪ್ಪ.

ನಾನು ತುಮಕೂರು ಕಡೆಯವನು, ಇಪ್ಪತ್ತೆರಡು ವರ್ಷದಿಂದ ಪೀಣ್ಯದ ಟೂಲ್ ರೂಮುಗಳಲ್ಲಿ (ಕಾರ್ಖಾನೆಗೆ ಬೇಕಾದ ಅಚ್ಚು, ಡೈ ಮಾಡೋ ಜಾಗ) ಫಿಟ್ಟರ್. ಬೆಲೆ ಇದೆ, ಕೈ ಪಳಗಿದವರಿಗೆ.

ನಮಗೆ ಐಟಿಐಯಲ್ಲಿ ಮೊದಲ ಮೂರು ತಿಂಗಳು ಅರ ಹಾಕೋದೊಂದೇ ಕೆಲಸ. ಕಬ್ಬಿಣದ ಪಟ್ಟಿಯನ್ನ ವೈಸಿಗೆ (ಮೇಜಿಗೆ ಕೂರಿಸಿದ, ಬಿಗಿಯಾಗಿ ಹಿಡಿಯೋ ಇಕ್ಕಳ) ಕಚ್ಚಿಸಿ ಉಜ್ಜಬೇಕು, ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಗೆರೆಯಷ್ಟೂ ಬೆಳಕು ಕಾಣಬಾರದು. ನನ್ನದು ಯಾವಾಗಲೂ ನಡು ಉಬ್ಬು. ತೊಟ್ಟಿಲು ತೂಗಿದ ಹಾಗೆ ಕೈ ಮೇಲೆ ಕೆಳಗೆ ಆಡ್ತಿತ್ತು. "ತೂಗಬೇಡ ಕಣೋ, ತಳ್ಳು" ಅಂತ ಮೇಷ್ಟ್ರು ದಿನಾ ಬೈಯೋರು. ಅಂಗೈ ಬೊಬ್ಬೆ ಎರಡು ಸಲ ಒಡೆದ ಮೇಲೆ ಒಂದು ದಿನ ಬೆಳಕು ನಿಂತಿತು. ಈಗ ಕಂಪ್ಯೂಟರಿಂದ ನಡೆಯೋ ಸಿಎನ್‌ಸಿ ಯಂತ್ರ ಬಂದಿದೆ, ನಿಜ. ಆದರೂ ಡೈ ಜೋಡಿಸುವಾಗ 0.02 ಮಿ.ಮೀ. ಮೆಟ್ಟಿಲಿದ್ದರೆ ಉಗುರಿಗೇ ಗೊತ್ತಾಗುತ್ತೆ. ಆ ಉಗುರು ತಯಾರಾಗಿದ್ದು ಅಲ್ಲೇ.

ಎಲ್ಲ ಐಟಿಐಯಲ್ಲೂ ಹೀಗೆ ಉಜ್ಜಿಸ್ತಾರೆ ಅನ್ಕೋಬೇಡ. ಫೀಸು ತಗೊಂಡು ಪರೀಕ್ಷೆಗೆ ಮಾತ್ರ ಬಾ ಅನ್ನೋ ಕಡೆಯೂ ಇವೆ. ಸೇರೋ ಮುಂಚೆ ಪ್ರಾಕ್ಟಿಕಲ್ ಟೈಮಲ್ಲಿ ಹೋಗಿ ನಿಂತುಕೋ. ವೈಸಿನ ದವಡೆ ಸವೆದು ಹೊಳೀತಿದೆಯಾ, ಕೆಳಗೆ ಅರದ ಪುಡಿ ಬಿದ್ದಿದೆಯಾ, ಲೇತಿನ ಮೇಲೆ ಎಣ್ಣೆ ಇದೆಯಾ ಧೂಳಿದೆಯಾ ನೋಡು. ಗೋಡೆಗೆ ಅಂಟಿಸಿದ ಪ್ಲೇಸ್‌ಮೆಂಟ್ ಫೋಟೋ ನೋಡಿ ಮರುಳಾಗಬೇಡ.

ಫಿಟ್ಟರ್ ಎರಡು ವರ್ಷ. ಆಮೇಲೆ ಅಪ್ರೆಂಟಿಸ್, ಅಂದರೆ ಕಂಪನಿಯಲ್ಲೇ ಕೆಲಸ ಕಲಿಯೋ ತರಬೇತಿ, ಮಾಡದೆ ಬಿಡಬೇಡ. ಇಲ್ಲಿ ನಾನು ಏಟು ತಿಂದಿದ್ದೀನಿ. ಮೊದಲು ಸೇರಿದ ಕಂಪನಿಯಲ್ಲಿ "ಅಪ್ರೆಂಟಿಸ್" ಅಂತ ಹೇಳಿ ಎಂಟು ತಿಂಗಳು ಲೋಡಿಂಗ್ ಮಾಡಿಸಿದರು, ಕಸ ಗುಡಿಸಿಸಿದರು. ಬಿಡುವಾಗ ಕಾಗದ ಕೇಳಿದರೆ ಕೊಡೋಕೆ ಏನೂ ಇರಲಿಲ್ಲ, ನನ್ನ ಹೆಸರು ಎಲ್ಲೂ ನೋಂದಣಿಯೇ ಆಗಿರಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಂಪನಿಗೂ ನಿನಗೂ ಬರಹದಲ್ಲಿ ಒಪ್ಪಂದ ಆಗಬೇಕು, ಅದು ನೋಂದಣಿ ಆಗಬೇಕು, ಸ್ಟೈಪೆಂಡ್ ಕೊಡಬೇಕು. ಈಗೆಲ್ಲ ಆನ್‌ಲೈನ್. ಮೊದಲ ವಾರವೇ ಒಪ್ಪಂದದ ನಂಬರ್ ಕೇಳು. "ನೋಡೋಣ, ಮುಂದಿನ ತಿಂಗಳು" ಅಂದರೆ ಅವರಿಗೆ ಬೇಕಾಗಿರೋದು ಹೆಲ್ಪರ್ ಅಂತ ತಿಳ್ಕೋ. ನಾನು ಎರಡನೇ ಕಂಪನಿಯಲ್ಲಿ ಸರಿಯಾಗಿ ಮುಗಿಸಿದೆ. ಈಗಿನ ಕೆಲಸಕ್ಕೆ ಇಂಟರ್‌ವ್ಯೂ ಮಾಡಿದವರು ಮೊದಲು ಕೇಳಿದ್ದೇ ಆ ಸರ್ಟಿಫಿಕೇಟು.

ಮನೆಯವರ ಭಯ "ಮುಂದೆ ಓದು ನಿಂತುಹೋಗುತ್ತೆ" ಅನ್ನೋದಾದರೆ, ಎರಡು ವರ್ಷದ ಐಟಿಐ ಪಾಸಾದವರು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು ಅಂತ ಹೇಳು. ಟೂಲ್ ರೂಮೇ ಇಷ್ಟ ಅಂದರೆ ಜಿಟಿಟಿಸಿನೂ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಲ್ಲಿ ಶುರುವಾಗಿದ್ದು, ಈಗ ಬೇರೆ ಊರುಗಳಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಮೇಲೆಯೇ. ಮೂರು ವರ್ಷ ಅಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ನಮ್ಮಲ್ಲಿಗೆ ಬರೋ ಆ ಹುಡುಗರ ಕೈ ಚೆನ್ನಾಗಿರುತ್ತೆ, ಒಪ್ಪಿಕೊಳ್ಳಬೇಕು.

ವರ್ಕ್‌ಶಾಪ್ ನೋಡೋಕೆ ಹೋಗುವಾಗ ಅಪ್ಪನನ್ನೂ ಕರ್ಕೊಂಡು ಹೋಗು.